ವ್ಯಾನಿನ ಲೈಟ್ ಕೆಡಿಸಿದ್ದು ನಾನಲ್ಲ

ಇವತ್ತು ಗಿರಿನಗರದಲ್ಲಿ ಯಾರೋ ಗೇಟಿಗೆ ಬಣ್ಣ ಹೊಡೆಯುತ್ತಿದ್ದರು. ಆ ವಾಸನೆಗೆ ನನ್ನ ಹಳೇ ಸಿಟ್ಟು ನೆತ್ತಿಗೇರಿತು.

ನಾನು ಚಿಕ್ಕವಳಿದ್ದಾಗ ಅಪ್ಪನ ಹತ್ತಿರ ಒಂದು ಹಳೇ ವ್ಯಾನ್ ಇತ್ತು. ಸೀಟು ಕಿತ್ತು ಮಂಚ, ಫ್ಯಾನು, ಲೈಟು ಹಾಕಿಸಿದ್ದರು. ರಜೆಯಲ್ಲಿ ಊರೂರು ಸುತ್ತಿ ಅದರಲ್ಲೇ ಮಲಗುತ್ತಿದ್ದೆವು. ಒಮ್ಮೆ ಆಯುಧಪೂಜೆಗೆಂದು ಅಪ್ಪ ವೈರು ಬಿಚ್ಚಿ, ಒಳಗೂ ಹೊರಗೂ ತಾವೇ ಹಸಿರು ಬಣ್ಣ ಬಳಿದು, ಮತ್ತೆ ಜೋಡಿಸಿದರು. ಪೂಜೆ ದಿನ ಲೈಟೇ ಹತ್ತಲಿಲ್ಲ.

"ಒಳಗೆ ಕೂತು ಲೈಟ್ ಹಾಕಿ ಆಟ ಆಡಿ ಬ್ಯಾಟರಿ ಖಾಲಿ ಮಾಡಿದ್ದೀಯ! ಇನ್ಮೇಲೆ ನೀನು ವ್ಯಾನ್ ಹತ್ತಂಗಿಲ್ಲ!" ನೆಂಟರೆದುರೇ ಬೈದರು. ನಾನು ಸ್ವಿಚ್ ಮುಟ್ಟಿಯೇ ಇರಲಿಲ್ಲ!

ಮರುದಿನ ಅಪ್ಪ ಬ್ಯಾಟರಿಯ ನೆಗೆಟಿವ್‌ನಿಂದ ಲೈಟಿಗೆ ನೇರವಾಗಿ ಒಂದು ವೈರ್ ಎಳೆದರು. ಝಗ್ಗನೆ ಹತ್ತಿತು. ಬ್ಯಾಟರಿ ತುಂಬಿಯೇ ಇತ್ತು. ಲೈಟಿನ ಅರ್ಥ್ ವೈರನ್ನು ವ್ಯಾನಿನ ತಗಡಿಗೆ ಬಿಗಿಯುವ ಜಾಗಕ್ಕೂ ಬಣ್ಣ ಬಳಿದಿದ್ದರಿಂದ ಕರೆಂಟಿಗೆ ತಗಡಿನ ಮೂಲಕ ಬ್ಯಾಟರಿಗೆ ವಾಪಸ್ ಹೋಗಲು ದಾರಿಯೇ ಇರಲಿಲ್ಲ. ಅಪ್ಪ ಆ ಜಾಗದ ಬಣ್ಣ ಕೆರೆದು ವೈರ್ ಬಿಗಿದರು.

"ಹಾಗಾದ್ರೆ ನಾನಲ್ಲ ಅಲ್ವಾಪ್ಪಾ?"

"ಲೈಟ್ ಬಂತಲ್ಲ ಪುಟ್ಟಿ, ಬಿಡು."

ಹೇಗೆ ಬಿಡೋದು? ಇವತ್ತು ಫೋನ್ ಮಾಡಿ ಕೇಳಿಯೇಬಿಟ್ಟೆ. "ಅಪ್ಪಾ, ಅವತ್ತು ವ್ಯಾನಿನ ಲೈಟ್ ಕೆಡಿಸಿದ್ದು ಯಾರು?"

"ಬಣ್ಣ ಕಣೇ," ಎಂದರು.

"ಬಣ್ಣ ಹೊಡೆದಿದ್ದು ಯಾರು?"

"ನಿಮ್ಮಮ್ಮ ಊಟಕ್ಕೆ ಕರೀತಿದ್ದಾಳೆ," ಎಂದು ಫೋನ್ ಇಟ್ಟುಬಿಟ್ಟರು.