ತುಟಿಯಷ್ಟೇ ಹಾಡಿದ ತತ್ವಪದ

೧೯೮೬ರಲ್ಲಿ ನಾನು ಮಾನ್ವಿಯ ಪ್ರೌಢಶಾಲೆಯೊಂದರಲ್ಲಿ ಸಂಗೀತ ಶಿಕ್ಷಕನಾಗಿದ್ದೆ. ಗುರುಕೃಪೆಯಿಂದ ಹಿಂದೂಸ್ತಾನಿ ಗಾಯನವನ್ನು ಕ್ರಮವಾಗಿ ಕಲಿತವನು. ಆ ವರ್ಷ ಬೆಂಗಳೂರಿನ ತಂಡವೊಂದು ಟಿ.ವಿ.ಗಾಗಿ ರಾಕ್ ಸಂಗೀತದ ವಿಶೇಷ ಕಾರ್ಯಕ್ರಮವನ್ನು ರಾಯಚೂರಿನಲ್ಲಿ ಚಿತ್ರೀಕರಿಸಲು ಬಂದು, ನನ್ನನ್ನು ಸಲಹೆಗಾರನನ್ನಾಗಿ ಕರೆಯಿತು. ಗಿಟಾರು, ಡ್ರಮ್ಮು, ನಡುನಡುವೆ ಮಿಮಿಕ್ರಿ, ಜಾದು. ರಾಕ್ ಎಂದರೆ ಬರೀ ಗದ್ದಲವೆಂದು ನಂಬಿದ್ದ ನಾನು, ಒಂದು ತತ್ವಪದ ಸೇರಿದರೆ ಕಾರ್ಯಕ್ರಮ ಶುದ್ಧವಾದೀತೆಂದು ಸೂಚಿಸಿ, ದೇವದುರ್ಗದ ಶರಣಪ್ಪನವರು ಕಟ್ಟಿದ ಪದವೊಂದನ್ನೂ ಬರೆದು ಕಳಿಸಿದೆ. ನಿರ್ಮಾಪಕರು ಕೂಡಲೇ ಒಪ್ಪಿದರು. ಆ ಅವಸರವೇ ನನ್ನನ್ನು ಎಚ್ಚರಿಸಬೇಕಿತ್ತು.

ಹಾಡಲು ಶರಣಪ್ಪನವರನ್ನೇ ಕೇಳಿದೆ. ಅವರು ಏಕತಾರಿ ಹಿಡಿದು ಮಠದಲ್ಲಿ ಹಾಡುವವರು, ಹೊರಗೆಲ್ಲೂ ಹಾಡಿದವರಲ್ಲ. "ನನ್ನ ಪದ ನಾನ ಹಾಡಬೇಕ್ರಿ ಮಾಸ್ತರ. ಅಷ್ಟು ಮಾತು ಕೊಡ್ರಿ" ಎಂದರು. ಕೊಟ್ಟೆ.

ಚಿತ್ರೀಕರಣದ ದಿನ ಸಭಾಂಗಣಕ್ಕೆ ಹೋದರೆ ಡ್ರಮ್ಮುಗಳ ಮೇಲೆಲ್ಲ ಕಂಬಳಿ ಹೊದಿಸಿದ್ದರು. ಅವುಗಳನ್ನು ನುಡಿಸುವ ಸ್ಯಾಮುವೆಲ್, ರಾಯಚೂರಿನವನೇ, ಚರ್ಚಿನಲ್ಲಿಯೂ ನುಡಿಸುತ್ತಿದ್ದವನು, ಸಿಡುಕಿನಿಂದ ನಕ್ಕ: "ನೋಡ್ರಿ ಮಾಸ್ತರ, ನನ್ನ ಡ್ರಮ್ಮಿಗೆ ಥಂಡಿಜ್ವರ ಬಂದಾವ!"

ಆಗಲೇ ಪ್ಲೇಬ್ಯಾಕ್ ಎಂದರೇನೆಂದು ತಿಳಿಯಿತು. ಮೊದಲೇ ಮುದ್ರಿಸಿದ ಹಾಡನ್ನು ಸ್ಪೀಕರಿನಲ್ಲಿ ಹಾಕುವುದು. ವೇದಿಕೆಯವರು ಸದ್ದಿಲ್ಲದೆ ಅಭಿನಯಿಸುವುದು. ಡ್ರಮ್ಮಿನ ಸದ್ದು ಕೇಳಿಸದಿರಲೆಂದೇ ಆ ಕಂಬಳಿ. ನಾನು ಕಳಿಸಿದ ಪದವನ್ನು ಬೇರೊಬ್ಬ ಗಾಯಕನಿಂದ ಗಿಟಾರಿನೊಂದಿಗೆ ಹಾಡಿಸಿ ತಂದಿದ್ದರು.

"ತುಟಿಯಾಡಿಸಿದರೆ ಸಾಕು ಅಜ್ಜಾ. ಮೂರೇ ನಿಮಿಷ, ಯಾರಿಗೂ ಗೊತ್ತಾಗಲ್ಲ" ಎಂದರು ನಿರ್ಮಾಪಕರು.

"ಮಂದಿಗೆ ಗೊತ್ತಾಗಲಿಕ್ಕಿಲ್ಲ. ಶಿವನ ಹೆಸರು ಹೇಳಿದಂಗ ನಟನಾ ಮಾಡಿದ್ರ ಶಿವಗ ಗೊತ್ತಾಗಂಗಿಲ್ಲೇನು?" ಎಂದು ಶರಣಪ್ಪನವರು ನನ್ನತ್ತ ತಿರುಗಿದರು.

ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬೆರಳುಗಳು ತೊಡೆಯ ಮೇಲೆ ತಾಳ ತಪ್ಪಿ ಓಡುತ್ತಿದ್ದವು. ಟಿ.ವಿ.ಯ ವಿಷಯವನ್ನು ಮಾನ್ವಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದೆ. "ಮೂರು ನಿಮಿಷದ ಮಾತಲ್ಲೇನ್ರಿ" ಎಂಬ ನುಡಿ ನನ್ನ ಬಾಯಿಂದಲೇ ಬಂತು.

ಅವರು ಏಕತಾರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಎದ್ದರು. ಸ್ಯಾಮುವೆಲ್ ಕಂಬಳಿಗಳನ್ನು ಕಿತ್ತೆಸೆದ. "ಯಜಮಾನ್ರ, ತಡೀರಿ, ನಾನೂ ಬಂದೆ. ಸತ್ತ ಡ್ರಮ್ಮು ನಾ ಬಾರ್ಸಂಗಿಲ್ಲ" ಎಂದು ಜೊತೆಗೇ ಹೊರಟ. ಯಾರ ಸಂಗೀತವನ್ನು ಶುದ್ಧಿಗೊಳಿಸಲು ಹೊರಟಿದ್ದೆನೋ ಆತ ನನಗಿಂತ ಶುದ್ಧನಾಗಿದ್ದ.

ಖಾಲಿ ಜಾಗಕ್ಕೆ ಯಾರಾದರೂ ಬೇಕಿತ್ತು. ಎಲ್ಲಿಂದಲೋ ತಂದ ತಂತಿಯಿಲ್ಲದ ಏಕತಾರಿಯನ್ನು ಹಿಡಿದು ನಾನೇ ಕುಳಿತೆ. ಪರರ ದನಿಗೆ ಭಗವಂತನ ನಾಮವನ್ನು ತುಟಿಯಲ್ಲಿ ಆಡಿಸಿದೆ.

ಪ್ರಸಾರದ ದಿನ ಶಾಲೆಯ ಟಿ.ವಿ. ಮುಂದೆ ನೆರೆದ ಊರವರು ಚಪ್ಪಾಳೆ ತಟ್ಟಿದರು. "ನಿಮ್ಮ ದನಿ ಟಿ.ವಿ.ಯೊಳಗ ಭಾಳ ಛಂದ ಅದರೀ" ಎಂದರು ಮುಖ್ಯೋಪಾಧ್ಯಾಯರು. ಮರುದಿನ ಬೆಳಿಗ್ಗೆ ದೇವದುರ್ಗದ ಬಸ್ಸು ಹತ್ತಿದೆ. ಶರಣಪ್ಪನವರು ಏಕತಾರಿ ನೀಡಿ, "ಈಗ ಹಾಡ್ರಿ" ಎಂದರು. ಮೊದಲ ಸಾಲಿಗೇ ಶ್ರುತಿ ತಪ್ಪಿತು; ಏಕತಾರಿಯನ್ನು ಅವರ ಕೈಗೇ ಮರಳಿಸಿದೆ. ಉಳಿದದ್ದನ್ನು ಅವರೇ ಹಾಡಿ ಮುಗಿಸಿದರು.

ನಿವೃತ್ತನಾಗುವವರೆಗೆ ಶಾಲೆಯ ಪ್ರಾರ್ಥನೆಯಲ್ಲಿ ನಾನು ಒಂದೇ ನಿಯಮವಿಟ್ಟೆ: ಶ್ರುತಿ ತಪ್ಪಿದರೂ ಸರಿ, ಯಾರೂ ಬರೀ ತುಟಿಯಾಡಿಸಕೂಡದು.