ಪೆಟ್ರೋಲ್ ಬಾಗಿಲೂ ನಾಲ್ಕನೇ ಜ್ವರ ಎದ್ದ ಹುಳವೂ

ಆವತ್ತು ಅಂಗಳದಲ್ಲಿದ್ದವರು ಮೂರೇ ಜನ: ಅವ್ವ, ಚಿಕ್ಕಪ್ಪ, ನಾನು. ಹುಳುಮನೆಯೊಳಗೆ ರೇಷ್ಮೆಹುಳಗಳು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಹಸಿದು ಸೊಪ್ಪಿನ ಮೇಲೆ ಬಿದ್ದಿದ್ದವು. ಹೊಂಗನೂರಿನ ನಮ್ಮ ಮನೆಯಲ್ಲಿ ಆ ವಾರ ಯಾರೂ ಊದುಬತ್ತಿ ಹಚ್ಚುವುದಿಲ್ಲ, ಮುಖಕ್ಕೆ ಪೌಡರ್ ಹಾಕುವುದಿಲ್ಲ, ಒಗ್ಗರಣೆಯ ಘಾಟೂ ಕಿಟಕಿ ದಾಟಬಾರದು. ವಾಸನೆ ಬಡಿದರೆ ಹುಳ ಮೇವು ಬಿಡುತ್ತದೆ. ಮೇವು ಬಿಟ್ಟರೆ ಗೂಡಿಲ್ಲ. ಅವ್ವ ಬೆನ್ನು ಬಗ್ಗಿಸಿ ದುಡಿದದ್ದೆಲ್ಲ ತಿಪ್ಪೆಗೆ.

ಅಂಥ ವಾರದಲ್ಲೇ ನನ್ನ ಕಾರಿಗೆ ಪೆಟ್ರೋಲ್ ಹಾಕುವ ಜಾಗದ ಮೇಲಿನ ಪುಟ್ಟ ಬಾಗಿಲು ಕಿತ್ತು ಬರಬೇಕೆ! ಕೀಲು ತುಕ್ಕು ತಿಂದಿತ್ತು. ಮಳೆ ಬಂದರೆ ನೀರು ಅಲ್ಲೇ ನಿಲ್ಲುತ್ತಿತ್ತು, ಟ್ಯಾಂಕಿಗೆ ಇಳಿದರೆ ಗತಿಯೇನು ಎಂಬ ಭಯ ನನಗೆ. ರಾಮನಗರದ ಗುಜರಿಯಲ್ಲಿ ಅದೇ ಮಾದರಿಯ ಬಾಗಿಲೊಂದು ಸಿಕ್ಕಿತು. ಕಾರು ಬಿಳಿ, ಬಾಗಿಲು ಕೆಂಪು.

“ಬಣ್ಣ ಗಿಣ್ಣ ಹೊಡ್ದೀಯ, ಕೈ ಮುರ್ದಾಕ್ಬುಡ್ತೀನಿ,” ಅಂದಳು ಅವ್ವ. “ಮೊದ್ಲು ಆ ಗಾಡಿನ ಬೇಲಿ ಆಚೆಗೆ ತಳ್ರಪ್ಪ.”

“ಬಣ್ಣ ಯಾಕತ್ಗೆ? ಕುಂಕುಮ ಇಟ್ಟಂಗೆ ಲಕ್ಷಣವಾಗೈತೆ,” ಅಂದ ಚಿಕ್ಕಪ್ಪ.

“ಸೊಂಟದ ಮ್ಯಾಲೆ ಯಾರಪ್ಪ ಕುಂಕುಮ ಇಡೋರು? ತಳ್ಳು ತಳ್ಳು.”

ಬೇಲಿಯಾಚೆಯ ಹೊಂಗೆ ಮರದ ಕೆಳಕ್ಕೆ ತಳ್ಳಿದೆವು. ಹಳೆಯ ಕೀಲಿನ ಸ್ಕ್ರೂಗಳು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಚಿಕ್ಕಪ್ಪ ಹೆಗಲ ಮೇಲಿನ ಟವೆಲ್ಲಿನ ತುದಿಯನ್ನು ಬಾಟಲಿಯಲ್ಲಿದ್ದ ಒಂದಿಷ್ಟು ಪೆಟ್ರೋಲಿಗೆ ಅದ್ದಿ ತುಕ್ಕಿಗೆ ಒತ್ತಿ ಹಿಡಿದ.

“ಒಸಿ ನೆನೀಲಿ ಕಣ್ಲಾ. ತುಕ್ಕೂ ನೆಂಟ್ರೂ ಒಂದೇಯ, ಬಲವಂತ ಮಾಡುದ್ರೆ ಎದ್ದೋಗಲ್ಲ.”

ನಾನು ಮರದ ಎಲೆ ಅಲುಗಿದಾಗಲೆಲ್ಲ ಗಾಳಿ ಯಾವ ಕಡೆಗೆ ಎಂದು ನೋಡುತ್ತಿದ್ದೆ. ಸ್ಕ್ರೂ ಬಂತು. ಕೆಂಪು ಬಾಗಿಲನ್ನು ಕೂರಿಸಿದರೆ ಮುಚ್ಚಿಕೊಳ್ಳದು. ಬಿಚ್ಚಿ, ಕೀಲನ್ನು ಒಂದು ಎಳೆ ಸರಿಸಿ, ಮತ್ತೆ ಬಿಗಿ ಮಾಡಿದ ಮೇಲೆ ಟಕ್ ಎಂದು ಕೂತಿತು. ಅಷ್ಟರಲ್ಲಿ ಸೊಪ್ಪು ಹಾಕುವ ಹೊತ್ತಾಯಿತು. ಚಿಕ್ಕಪ್ಪ ಸೋಪು ಹಚ್ಚಿ, ಮಣ್ಣು ಹಚ್ಚಿ, ಕೈ ಉಜ್ಜಿಕೊಂಡ. ಅವ್ವ ಅವನ ಎರಡೂ ಅಂಗೈ ಮೂಸಿ ನೋಡಿ, “ಊಂ, ಹೋಗು,” ಅಂದಳು.

ಕೈ ತೊಳೆದವನಿಗೆ ಟವೆಲ್ಲಿನ ನೆನಪಾಗಲಿಲ್ಲ. ಕಾರಿನ ಕನ್ನಡಿಗೆ ನೇತುಹಾಕಿದ್ದನ್ನು ಎಂದಿನ ಹಾಗೆ ಹೆಗಲಿಗೆ ಎಸೆದುಕೊಂಡು, ಅದರ ಮೇಲೇ ಸೊಪ್ಪಿನ ಹೊರೆ ಹೊತ್ತು ಒಳಗೆ ನಡೆದ. ನಾನೂ ನೋಡಿದೆ, ನನಗೂ ಹೊಳೆಯಲಿಲ್ಲ. ಹುಳ ಮೇಯುವ ಅಟ್ಟಣೆಯ ಒಂದು ತುದಿಗೆ ಅವನು ಸೊಪ್ಪು ಹರಡಿ ಮುಗಿಸಿದಾಗ ಒಳಗಿನಿಂದ ಅವ್ವನ ದನಿ ಬಂತು.

“ಅಯ್ಯಯ್ಯೋ, ಏನಿದು ನಾತ! ಹೆಗಲ ಮ್ಯಾಲೆ ಏನು ಇಟ್ಕಂಡಿದ್ದೀಯಪ್ಪಾ?”

ನಾನು ಒಳಗೆ ಓಡಿದೆ. ಹರಡಿದ ಸೊಪ್ಪನ್ನೆಲ್ಲ ಮೂವರೂ ಸೇರಿ ತೆಗೆದೆವು, ಕಿಟಕಿಗಳನ್ನು ತೆರೆದೆವು. ಅವ್ವ ಬೇರೆ ಸೊಪ್ಪು ತಂದು ಹಾಕಿದಳು. ಆ ತುದಿಯ ಹುಳಗಳು ತಲೆ ಎತ್ತಿಕೊಂಡು ಹಾಗೇ ಕೂತಿದ್ದವು. ಪಕ್ಕದ ಅಟ್ಟಣೆಯಲ್ಲಿ ಮೇಯುವ ಸದ್ದು. ಇಲ್ಲಿ ಸದ್ದೇ ಇಲ್ಲ. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟಳು.

ಅಲ್ಲಿಂದ ಚಿಕ್ಕಪ್ಪ ನಮ್ಮ ಅಂಗಳಕ್ಕೆ ಕಾಲಿಡಲಿಲ್ಲ. ಬೇಲಿಯಾಚೆ ನಿಂತು ನನ್ನನ್ನೇ ಕೇಳುತ್ತಿದ್ದ: “ತಿಂದ್ವಾ ಮಗ?” ಸಂಜೆಗೆ ಕೆಲವು ತಿಂದವು ಎಂದೆ. ಮಾರನೆಯ ದಿನ ಇನ್ನಷ್ಟು ಎಂದೆ. ಎಲ್ಲವೂ ಎಂದು ಹೇಳುವ ದಿನ ಬರಲೇ ಇಲ್ಲ.

ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತು ಬಂದಾಗ, ಆ ತುದಿಯವನ್ನು ಅವ್ವ ಬೇರೆ ಚಂದ್ರಿಕೆಗೆ ಹಾಕಿದಳು. ಬಿದಿರಿನ ಆ ತಟ್ಟಿಯ ಸುರುಳಿಗಳಲ್ಲಿ ಒಂದಿಷ್ಟು ಕಪ್ಪಾಗಿ ಸತ್ತವು, ಉಳಿದವು ಗೂಡು ಕಟ್ಟಿದವು. ಬಿಡಿಸುವ ದಿನ ಅವ್ವ ನನ್ನ ಕೈಲಿ ಚಿಕ್ಕಪ್ಪನಿಗೆ ಹೇಳಿ ಕಳಿಸಿದಳು. ಅವನು ತಲೆಗೆ ಸ್ನಾನ ಮಾಡಿ, ಹೆಗಲಿಗೆ ಏನೂ ಹಾಕಿಕೊಳ್ಳದೆ ಬಂದು, ಆ ಚಂದ್ರಿಕೆಯ ಮುಂದೆಯೇ ಕೂತು ಮಧ್ಯಾಹ್ನದವರೆಗೂ ಗೂಡು ಬಿಡಿಸಿದ.