ನಡುವೆ ಬಾಯಿ ಹಾಕದವರು

ನಮ್ಮ ಮನೆಯ ಚಹಾ ವಿಪರೀತ ಸಿಹಿ. ನಾನು ಉಗ್ಗುವವನು; ಸಕ್ಕರೆ ಬೇಡ ಎನ್ನಲು ಹೊರಟು ಮೊದಲ ಅಕ್ಷರದಲ್ಲೇ ತಡವರಿಸುತ್ತಿರುವಾಗ, ಅಕ್ಕರೆಯ ಹೆಂಡತಿ ಇನ್ನೊಂದು ಚಮಚ ಸುರಿದಾಗಿರುತ್ತದೆ. ಈಗ ನಾವಿರುವ ಪುಣೆಯ ಸ್ವಾರಗೇಟಿನ ಬಸ್ ಕಂಡಕ್ಟರನಿಂದ ಹಿಡಿದು ಬೀಗರವರೆಗೆ ಎಲ್ಲರೂ ನನ್ನ ಮಾತನ್ನು ತಾವೇ ಮುಗಿಸಿಕೊಡುವ ಉಪಕಾರಿಗಳು. ಅವರ ಮೇಲೆ ಸಿಟ್ಟಾಗುವುದಾದರೂ ಹೇಗೆ, ನೀವೇ ಹೇಳಿ.

ಆದರೂ ಒಂದೇ ಒಂದು ಮಾತನ್ನು ನಾನೇ ಪೂರ್ತಿ ಆಡಬೇಕೆಂಬ ಆಸೆ ಬಹಳ ದಿನಗಳಿಂದ ಇತ್ತು: ಹೆಂಡತಿಯ ಹೆಸರು. ನಮ್ಮ ವಿಜಯಪುರದ ಕಡೆ ಗಂಡ ಹೆಂಡಿರು ಹೆಸರು ಹಿಡಿದು ಕರೆಯದಿರುವುದು ಹಳೆಯ ರೂಢಿ. ಆ ರೂಢಿಯ ಮರೆಯಲ್ಲಿ ನನ್ನ ನಾಲಿಗೆಯ ತೊಡಕೂ ಸುಖವಾಗಿ ಅಡಗಿಕೊಂಡಿತ್ತು.

ನೆರೆಯ ರೂಬೆನ್ ಕಾಕಾ ಪುಣೆಯ ಯೆಹೂದಿ, ಹುಬ್ಬಳ್ಳಿಯ ರೈಲ್ವೆಯಲ್ಲಿ ದುಡಿದು ಕನ್ನಡ ಕಲಿತವರು. ರವಿವಾರ ಮಧ್ಯಾಹ್ನ ನಾವು ಗಂಡ ಹೆಂಡಿರೂ ಸೇರಿ ನಾಲ್ಕಾರು ಮಂದಿ ಅವರ ಪಡಸಾಲೆಯಲ್ಲಿ ಕೂತು ಏನಾದರೂ ಓದುತ್ತೇವೆ. ಈ ಸಲ ಅವರು ಕೈಗೆತ್ತಿಕೊಂಡದ್ದು ಮೃತ ಸಮುದ್ರದ ದಡದ ಗವಿಗಳಲ್ಲಿ ಸಿಕ್ಕ ತೊಗಲಿನ ಸುರುಳಿಗಳಲ್ಲೊಂದರ ಅನುವಾದವನ್ನು. ಎರಡು ಸಾವಿರ ವರ್ಷಗಳ ಹಿಂದೆ ಲೋಕದ ಸಹವಾಸವೇ ಬೇಡವೆಂದು ದೂರ ಸರಿದ ಯೆಹೂದಿ ಪಂಗಡವೊಂದರ ಕಟ್ಟಳೆಗಳು. ಸಭೆಯಲ್ಲಿ ತೂಕಡಿಸಿದರೆ ಶಿಕ್ಷೆ, ಹುಚ್ಚುಹುಚ್ಚಾಗಿ ನಕ್ಕರೆ ಶಿಕ್ಷೆ, ಉಗುಳಿದರಂತೂ ಕೇಳಲೇಬೇಡಿ. ಎಂಥ ಬಿಗಿ ಜನವಪ್ಪಾ ಎಂದು ನಾನು ಒಳಗೊಳಗೇ ನಗುತ್ತಿರುವಾಗ ಮುಂದಿನ ಕಟ್ಟಳೆ ಬಂತು: ಜೊತೆಯವನು ಮಾತು ಮುಗಿಸುವ ಮೊದಲು ಯಾರೂ ನಡುವೆ ಬಾಯಿ ಹಾಕಕೂಡದು.

ಕಾಕಾ ಕನ್ನಡಕ ತೆಗೆದರು. "ಇವತ್ತ ನಾವೂ ಹಂಗ ಮಾಡೂಣ್ರಿ. ಒಬ್ಬೊಬ್ರು ಮಾತಾಡ್ರಿ, ಮುಗಿಯೂತನಾ ಉಳಿದವ್ರು ಸುಮ್ಮನ ಕೂಡೂದು."

ನನ್ನ ಸರದಿ ಬಂತು. "ನಾ ಇವತ್ತ..." ಎಂದು ಶುರುಮಾಡಿ ಮುಂದಿನ ಅಕ್ಷರಕ್ಕೆ ಸಿಕ್ಕಿಬಿದ್ದೆ. ನೆರವಿಗೆಂದು ಹೆಂಡತಿಯ ತುಟಿ ತೆರೆಯಿತು; ಕಾಕಾ ಅವಳತ್ತ ನೋಡಿದರು; ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹೊರಗೆ ರಿಕ್ಷಾಗಳು ಹೋದವು, ಒಳಗೆ ಯಾರೂ ಕೆಮ್ಮಲೂ ಇಲ್ಲ. ಕನಿಕರವೂ ಇಲ್ಲದ ಅವಸರವೂ ಇಲ್ಲದ ಅಂಥ ಕಾಯುವಿಕೆ ನನಗೆ ತೀರ ಹೊಸದು. ಹೆಸರೂ ಉಳಿಯದ ಆ ಕಟ್ಟುನಿಟ್ಟಿನ ಮಂದಿಯ ನಡುವೆಯೂ ನನ್ನಂಥ ಉಗ್ಗನೊಬ್ಬ ಇದ್ದಿರಬೇಕು ಎನಿಸಿ, ಅವನಿಗೂ ಅವನಿಗಾಗಿ ಕಾದವರಿಗೂ ಮನಸ್ಸಿನಲ್ಲೇ ಕೈಮುಗಿದೆ.

"ಸ... ಸ... ಸರೋಜಾಗ ಥ್ಯಾಂಕ್ಸ್ ಹೇಳಬೇಕಂತೀನ್ರಿ," ಎಂದೆ.

ಅವಳು ಕಣ್ಣು ತುಂಬಿಕೊಂಡು, ಸೆರಗನ್ನು ಹಾಗೇ ಬಾಯಿಗೆ ಒತ್ತಿಹಿಡಿದು, ನನ್ನ ಮಾತು ಮುಗಿಯಿತೋ ಇಲ್ಲವೋ ಎಂದು ಇನ್ನೂ ಕಾಯುತ್ತಿದ್ದಳು.